ಹೊಸ ಕಾಯಿಲೆಯ ಸುದ್ದಿ ಬಂದಾಗ ಏನು ಮಾಡಬೇಕು: ಕಿರಾಣಿ ಅಂಗಡಿ ಕಟ್ಟೆಯಿಂದ ಒಂದಿಷ್ಟು ಮಾತು

ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲ್ಲೂಕಿನ ಒಂದು ಸಣ್ಣ ಪೇಟೆಯಲ್ಲಿ ನಮ್ಮದೊಂದು ಕಿರಾಣಿ ಅಂಗಡಿ. ಮಾವ ಶುರು ಮಾಡಿದ್ದು, ಈಗ ನಾನು ನೋಡಿಕೊಳ್ಳುತ್ತೇನೆ. ಎದುರಿಗೇ ಬಸ್ ಸ್ಟ್ಯಾಂಡು. ಹಾಗಾಗಿ ಶಿವಮೊಗ್ಗದ ಸುದ್ದಿ, ಸಾಗರದ ಸುದ್ದಿ, ಬೆಂಗಳೂರಿನ ಸುದ್ದಿ ಎಲ್ಲವೂ ಮೊದಲು ಇಳಿಯುವುದು ನಮ್ಮ ಕಟ್ಟೆಯಲ್ಲೇ. 2020ರಲ್ಲಿ ಕೊರೋನಾ ಶುರುವಾದಾಗ ಜನ ಏನು ಕೇಳಿದರು, ಏನು ಹೊತ್ತುಕೊಂಡು ಹೋದರು, ಯಾರನ್ನು ಬೈದರು ಅನ್ನುವುದನ್ನೆಲ್ಲ ಗಲ್ಲಾ ಹಿಂದೆ ಕೂತು ನೋಡಿದವಳು ನಾನು. ಔಷಧದ ವಿಷಯ ಡಾಕ್ಟರು ಹೇಳಲಿ. ಕಾಯಿಲೆಗಿಂತ ಮೊದಲೇ ಊರಿಗೆ ಬರುವ ಗಾಬರಿ ಇದೆಯಲ್ಲ, ಅದರ ಬಗ್ಗೆ ನಾನೂ ನಾಲ್ಕು ಮಾತು ಹೇಳಬಲ್ಲೆ. ಮುಂದೆ ಅಂಥದ್ದೇ ಇನ್ನೊಂದು ಬಂದರೆ ಮೊದಲ ಒಂದೆರಡು ತಿಂಗಳು ಮನೆಯವರು ಹೇಗೆ ನಡೆದುಕೊಂಡರೆ ಒಳ್ಳೆಯದು ಅಂತ ಬರೆಯುತ್ತಿದ್ದೇನೆ.

ಮೊದಲು ಮೂರು ಪ್ರಶ್ನೆ

ದೇಶದ ಮೊದಲ ಕೇಸು ಸಿಕ್ಕಿದ್ದು 2020ರ ಜನವರಿ 30ಕ್ಕೆ, ಕೇರಳದ ತ್ರಿಶೂರಿನಲ್ಲಿ. ಆಗ ನಮ್ಮ ಕಟ್ಟೆಯಲ್ಲಿ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಅಡಿಕೆಗೊನೆ ಕೊಯ್ಲು ಮುಗಿಯುತ್ತಾ ಬಂದಿತ್ತು, ಅಡಿಕೆ ರೇಟಿನ ಮಾತೇ ಮಾತು. ಫೆಬ್ರವರಿಯಲ್ಲಿ ಸಾಗರದ ಮಾರಿ ಜಾತ್ರೆ. ಮೂರು ವರ್ಷಕ್ಕೊಮ್ಮೆ ಬರುವ ಜಾತ್ರೆ ಅಂದಮೇಲೆ ಬಿಡುತ್ತಾರಾ? ಬಸ್ಸು ತುಂಬಿಕೊಂಡು ಹೋಗಿ ಬಂದರು. ಮಾರ್ಚ್ 9ಕ್ಕೆ ಬೆಂಗಳೂರಿನಲ್ಲಿ ರಾಜ್ಯದ ಮೊದಲ ಕೇಸು ಬಂತು. ಮಾರ್ಚ್ 12ಕ್ಕೆ, ಕಲಬುರಗಿಯಲ್ಲಿ ತೀರಿಕೊಂಡ ಹಿರಿಯರೊಬ್ಬರಿಗೆ ಇದೇ ಕಾಯಿಲೆ ಇತ್ತು, ದೇಶದಲ್ಲೇ ಇದು ಮೊದಲ ಸಾವು ಅಂತ ಟಿವಿಯಲ್ಲಿ ಬಂತು. ಅವತ್ತಿನಿಂದ ಕಟ್ಟೆಯ ಮಾತೇ ಬದಲಾಯಿತು. "ಎಂತ ಮಾರಾಯ್ತಿ, ನಮ್ಮ ಕಡೆಗೂ ಬರುತ್ತಂತಾ?" ಅಂತ ಬಂದವರೆಲ್ಲ ಕೇಳುವವರೇ.

ಬರುತ್ತದೋ ಇಲ್ಲವೋ ಅಂತ ಕೇಳಿ ಪ್ರಯೋಜನವಿಲ್ಲ. ಅದನ್ನು ಬಿಟ್ಟು ಮೂರು ವಿಷಯ ಕೇಳಿ. ಇದು ಹೇಗೆ ಹರಡುತ್ತದೆ? ತಗುಲಿದ ಎಷ್ಟು ದಿನಕ್ಕೆ ಗೊತ್ತಾಗುತ್ತದೆ? ಯಾರಿಗೆ ಜಾಸ್ತಿ ಅಪಾಯ? ಈ ಮೂರಕ್ಕೆ ಉತ್ತರ ಸಿಕ್ಕರೆ ಮನೆಯಲ್ಲಿ ಏನು ಮಾಡಬೇಕು ಅನ್ನುವುದು ಮುಕ್ಕಾಲು ಪಾಲು ತಾನಾಗಿ ತಿಳಿಯುತ್ತದೆ.

ಉದಾಹರಣೆಗೆ ಡೆಂಗ್ಯೂ. ಅದು ಸೊಳ್ಳೆಯಿಂದ. ಪಕ್ಕದವರ ಹತ್ತಿರ ಕೂರದೆ ದೂರ ಓಡಿದರೆ ಏನೂ ಆಗುವುದಿಲ್ಲ, ತೋಟದಲ್ಲಿ ಬಿದ್ದಿರುವ ಅಡಿಕೆ ಹಾಳೆಯಲ್ಲಿ ನಿಂತ ನೀರು ಚೆಲ್ಲಬೇಕು. ಮಂಗನ ಕಾಯಿಲೆ ಅಂತ ನಮ್ಮ ಕಾಡಿನ ಕಡೆಯ ಜ್ವರ ಒಂದಿದೆ, ಅದು ಮೈಗೆ ಕಚ್ಚಿಕೊಳ್ಳುವ ಉಣುಗಿನಿಂದ. ಅದಕ್ಕೆ ಮಾಸ್ಕ್ ಹಾಕಿಕೊಂಡರೆ ಉಪಯೋಗವಿಲ್ಲ, ಕಾಡಿಗೆ ಹೋಗುವಾಗ ಮೈತುಂಬ ಬಟ್ಟೆ ಬೇಕು, ಕೈಕಾಲಿಗೆ ಆರೋಗ್ಯ ಇಲಾಖೆ ಕೊಡುವ ಎಣ್ಣೆ ಬೇಕು. ಕೊರೋನಾ ಉಸಿರಿನಿಂದ. ಮಾತಾಡಿದರೆ, ಕೆಮ್ಮಿದರೆ, ಕಿಟಕಿ ಮುಚ್ಚಿದ ಕೋಣೆಯಲ್ಲಿ ಒಟ್ಟಿಗೆ ಕೂತರೆ ಹರಡುತ್ತದೆ. ಹೆಚ್ಚಿನವರಲ್ಲಿ ಐದಾರು ದಿನಕ್ಕೆ ಲಕ್ಷಣ ಕಾಣಿಸುತ್ತಿತ್ತು, ಕೆಲವರಿಗೆ 14 ದಿನದವರೆಗೂ ಹಿಡಿಯುತ್ತಿತ್ತು. ವಯಸ್ಸಾದವರಿಗೆ, ಶುಗರ್, ಬಿಪಿ, ಹೃದಯದ ತೊಂದರೆ ಇದ್ದವರಿಗೆ ಅಪಾಯ ಜಾಸ್ತಿ.

ಹೇಗೆ ಹರಡುತ್ತದೆ ಅಂತ ತಿಳಿಯದೆ ಹೆದರಿದರೆ ಹೆದರಿಕೆ ತಪ್ಪು ಜಾಗಕ್ಕೆ ಹೋಗುತ್ತದೆ. 2018ರಲ್ಲಿ ಕೇರಳದಲ್ಲಿ ನಿಪಾ ಬಂತಲ್ಲ, ಆಗ ಬಾವಲಿ ಕಚ್ಚಿದ ಹಣ್ಣು ತಿನ್ನಬೇಡಿ ಅಂದಿದ್ದೇ ತಡ, ಜನ ಹಣ್ಣು ಕೊಳ್ಳುವುದನ್ನೇ ನಿಲ್ಲಿಸಿದರು. ಅಂಗಡಿ ಮುಂದೆ ನೇತು ಹಾಕಿದ್ದ ಬಾಳೆಗೊನೆ ಹಾಗೇ ಕಪ್ಪಾದವು. 2020ರಲ್ಲಿ ಕೋಳಿಯ ಸರದಿ. ಕೋಳಿ ತಿಂದರೆ ಕೊರೋನಾ ಬರುತ್ತದೆ ಅಂತ ಒಂದು ಸುಳ್ಳು ಸುದ್ದಿ ಹಬ್ಬಿ ರೇಟು ಪಾತಾಳಕ್ಕೆ ಇಳಿಯಿತು. ಫಾರಂನವರು ಕೋಳಿಗಳನ್ನು ಗುಂಡಿ ತೋಡಿ ಹೂತರು. ಅದೇ ಜನ ಸಂಜೆ ಚಹಾದಂಗಡಿಯಲ್ಲಿ ಒತ್ತೊತ್ತಿಗೆ ಕೂತು ಒಬ್ಬರ ಮುಖಕ್ಕೆ ಒಬ್ಬರು ಕೆಮ್ಮುತ್ತಿದ್ದರು.

ಸಾಮಾನು ಎಷ್ಟು ತರಬೇಕು

ಮಾರ್ಚ್ 22, ಭಾನುವಾರ, ಜನತಾ ಕರ್ಫ್ಯೂ. ಮಂಗಳವಾರ ರಾತ್ರಿ ಎಂಟಕ್ಕೆ 21 ದಿನದ ಲಾಕ್‌ಡೌನ್ ಘೋಷಣೆ ಆಯಿತು. ಬುಧವಾರ ಯುಗಾದಿ. ಹಬ್ಬದ ಸಾಮಾನಿನ ಗಲಾಟೆಯ ಮೇಲೆ ಇದೂ ಸೇರಿಕೊಂಡರೆ ಅಂಗಡಿ ಹೇಗಿರಬೇಡ? ಶಟರ್ ಎಳೆದ ಮೇಲೂ ಹಿಂದಿನ ಬಾಗಿಲು ಬಡಿಯುತ್ತಿದ್ದರು. ಎರಡೇ ಜನ ಇರುವ ಮನೆಯವರು ಹತ್ತು ಕೆಜಿ ತೊಗರಿಬೇಳೆ ಕೇಳಿದರು. ಸಕ್ಕರೆ ಮೂಟೆಗೇ ಕೈ ಹಾಕಿದವರೂ ಇದ್ದರು. ಕೂಲಿಯವರು ಸಂಜೆ ಬಂದು ಅರ್ಧ ಕೆಜಿ ಬೇಳೆ ಕೇಳುವ ಹೊತ್ತಿಗೆ ಚೀಲದ ತಳ ಕಾಣುತ್ತಿತ್ತು.

ಲಾಕ್‌ಡೌನ್ ಅಂದರೆ ಕಿರಾಣಿ ಅಂಗಡಿ ಮುಚ್ಚುತ್ತದೆ ಅಂತ ಯಾರೂ ಹೇಳಿರಲಿಲ್ಲ. ದಿನಸಿ, ಹಾಲು, ಔಷಧ ಇವಕ್ಕೆಲ್ಲ ವಿನಾಯಿತಿ ಇತ್ತು. ಹೊತ್ತು ಮಾತ್ರ ಕಡಿಮೆ. ಶಿವಮೊಗ್ಗದ ಗಾಂಧಿ ಬಜಾರಿನಿಂದ ಮಾಲು ಬರುವುದು ಒಂದಷ್ಟು ದಿನ ಏರುಪೇರಾಯಿತು, ಆಮೇಲೆ ಸರಿಹೋಯಿತು. ಹಾಗಾಗಿ ನನ್ನ ಲೆಕ್ಕ ಇಷ್ಟೇ. ಮನೆಯಲ್ಲಿ ಮಾಮೂಲಿ ಇರುವುದರ ಮೇಲೆ ಹದಿನೈದು ದಿನದ್ದು ಹೆಚ್ಚಿಗೆ ಇದ್ದರೆ ಸಾಕು.

ಹದಿನೈದು ದಿನದ್ದು ಅಂದರೆ ಎಷ್ಟು ಅಂತ ಬಹಳ ಮನೆಗಳಲ್ಲಿ ಗೊತ್ತೇ ಇರುವುದಿಲ್ಲ. ನಾಲ್ಕು ಜನರ ಮನೆ, ಎರಡು ಹೊತ್ತು ಅನ್ನ, ಬೆಳಿಗ್ಗೆ ದೋಸೆಯೋ ಕಡುಬೋ ಅಂದರೆ ದಿನಕ್ಕೆ ಹೆಚ್ಚುಕಡಿಮೆ ಒಂದು ಕೆಜಿ ಅಕ್ಕಿ. ಹದಿನೈದು ದಿನಕ್ಕೆ ಹದಿನೈದು ಕೆಜಿ. ಬೇಳೆ ಒಂದೂವರೆ ಎರಡು ಕೆಜಿ. ಎಣ್ಣೆ ಒಂದೂವರೆ ಲೀಟರ್. ಉಪ್ಪು, ಸಕ್ಕರೆ, ಚಹಾಪುಡಿ ಒಂದೊಂದು ಪ್ಯಾಕೆಟ್ ಜಾಸ್ತಿ. ಮುಗಿಯಿತು. ರೇಷನ್ ಕಾರ್ಡಿನ ಅಕ್ಕಿ ಬರುವವರಿಗೆ ಇಷ್ಟೂ ಬೇಡ. ಆ ವರ್ಷ ಏಪ್ರಿಲ್, ಮೇ ಎರಡು ತಿಂಗಳ ಪಡಿತರ ಒಟ್ಟಿಗೇ ಕೊಟ್ಟರು.

ಇನ್ನೊಂದು ವಿಷಯ, ನಮ್ಮದು ಮಲೆನಾಡು. ಮಳೆಗಾಲದ ಸಾಮಾನು ಕೂಡಿಡುವುದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹಪ್ಪಳ, ಸಂಡಿಗೆ, ಉಪ್ಪಿನಕಾಯಿ, ಒಣ ಮೀನು, ಕಟ್ಟಿಗೆ ಎಲ್ಲ ಮೇ ತಿಂಗಳೊಳಗೆ ಒಳಗೆ ಸೇರಬೇಕು. ಆದರೆ ಅಜ್ಜಿಯಂದಿರು ಏನನ್ನು ಕೂಡಿಡುತ್ತಿದ್ದರು ನೋಡಿ. ಎಲ್ಲವೂ ಒಣಗಿಸಿದ್ದು, ಉಪ್ಪು ಹಾಕಿದ್ದು. ರವೆ, ಮೈದಾ, ಗೋಧಿ ಹಿಟ್ಟನ್ನು ಯಾರೂ ಮೂಟೆಗಟ್ಟಲೆ ಇಟ್ಟವರಲ್ಲ. ಮಾರ್ಚಿನಲ್ಲಿ ಗಾಬರಿಯಿಂದ ತುಂಬಿಸಿಕೊಂಡ ಹಿಟ್ಟು ಜೂನ್ ಮಳೆ ಹಿಡಿದ ಕೂಡಲೇ ಮುಗ್ಗಲು ಹಿಡಿಯಿತು. ಬೇಳೆಗೆ ಹುಳ ಬಿತ್ತು. ಜುಲೈನಲ್ಲಿ ವಾಪಸ್ ತಗೊಳ್ಳಿ ಅಂತ ಅದೇ ಚೀಲ ಹಿಡಿದುಕೊಂಡು ಬಂದವರಿದ್ದಾರೆ. ತಗೊಳ್ಳಲಿಲ್ಲ ಬಿಡಿ.

ಜನ ಮರೆಯುವ ಸಾಮಾನು ಬೇರೆಯೇ ಇದೆ. ಅದನ್ನು ಮೊದಲು ಪಟ್ಟಿಯಲ್ಲಿ ಬರೆದುಕೊಳ್ಳಿ. ಅಜ್ಜ ಅಜ್ಜಿಯ ಬಿಪಿ, ಶುಗರ್ ಮಾತ್ರೆ ಒಂದು ತಿಂಗಳಿಗಾಗುವಷ್ಟು, ಚೀಟಿ ಸಮೇತ. ಹೆಂಗಸರ ಪ್ಯಾಡು. ಥರ್ಮಾಮೀಟರ್, ಪ್ಯಾರಾಸಿಟಮಾಲ್, ಓಆರ್‌ಎಸ್ ಪುಡಿ. ಗ್ಯಾಸ್ ಖಾಲಿಯಾಗುವ ಮೊದಲೇ ಬುಕ್ ಮಾಡುವುದು. ಮೊಬೈಲ್ ರೀಚಾರ್ಜ್. ದನಗಳಿಗೆ ಹಿಂಡಿ, ಬೂಸಾ. ಮನುಷ್ಯರಿಗೆ ಗಂಜಿಯಾದರೂ ಆಗುತ್ತದೆ, ಹಾಲು ಕೊಡುವ ಎಮ್ಮೆ ಹಿಂಡಿ ಇಲ್ಲದೆ ಸುಮ್ನೆ ಇರುತ್ತದಾ?

ಸೋಪು ಇದ್ದರೆ ಸಾಕು

ಮಾರ್ಚ್ ಎರಡನೇ ವಾರದಿಂದ ಎಲ್ಲರದ್ದೂ ಒಂದೇ ಮಾತು. "ಅಕ್ಕಾ, ಸ್ಯಾನಿಟೈಸರ್ ಇದೆಯಾ?" ನನ್ನ ಹತ್ತಿರ ಇರಲಿಲ್ಲ. ಇಡೀ ಪೇಟೆಯಲ್ಲೇ ಇರಲಿಲ್ಲ. ಸಿಕ್ಕ ಕಡೆ ಬಾಯಿಗೆ ಬಂದ ರೇಟು. ಕೊನೆಗೆ ಮಾರ್ಚ್ 13ಕ್ಕೆ ಸರ್ಕಾರ ಮಾಸ್ಕ್ ಮತ್ತು ಸ್ಯಾನಿಟೈಸರನ್ನು ಅಗತ್ಯ ವಸ್ತುಗಳ ಪಟ್ಟಿಗೆ ಸೇರಿಸಿತು. ಆಮೇಲೆ 200 ಮಿಲಿ ಬಾಟಲಿಗೆ 100 ರೂಪಾಯಿ ದಾಟಬಾರದು ಅಂತ ಮಿತಿ ಹಾಕಿತು. ಇಷ್ಟೆಲ್ಲ ಆಗುವಾಗ ನನ್ನ ತಲೆ ಮೇಲಿನ ಅಡ್ಡೆಯಲ್ಲಿ ಲೈಫ್‌ಬಾಯ್, ಸಿಂತಾಲ್ ಸಾಲಾಗಿ ಕೂತಿದ್ದವು. ಅದನ್ನು ಕೇಳುವವರೇ ಇಲ್ಲ.

ಈ ವೈರಸ್ಸಿನ ಮೈಮೇಲೆ ಕೊಬ್ಬಿನ ಒಂದು ತೆಳು ಪದರ ಇರುತ್ತದೆ. ಸೋಪಿನ ನೊರೆ ಆ ಪದರವನ್ನು ಒಡೆದು ಹಾಕುತ್ತದೆ. ಎಣ್ಣೆ ಪಾತ್ರೆಯ ಜಿಡ್ಡು ಸೋಪಿಗೆ ಬಿಡುವುದಿಲ್ಲವಾ, ಕೆಲಸ ಅದೇ. ಇಪ್ಪತ್ತು ಸೆಕೆಂಡ್ ಉಜ್ಜಬೇಕು, ಬೆರಳ ಸಂದು, ಉಗುರಿನ ಬುಡ ಬಿಡಬಾರದು. ನೀರು ಸಿಗದ ಜಾಗಕ್ಕೆ, ಬಸ್ಸಿನಲ್ಲಿ ಓಡಾಡುವವರಿಗೆ ಸ್ಯಾನಿಟೈಸರ್ ಸರಿ. ಅದರಲ್ಲೂ ಆಲ್ಕೋಹಾಲ್ ಶೇಕಡಾ 60ಕ್ಕಿಂತ ಕಡಿಮೆ ಇದ್ದರೆ ಪ್ರಯೋಜನವಿಲ್ಲ, ಬಾಟಲಿ ಹಿಂದೆ ಬರೆದಿರುತ್ತದೆ, ಓದಿ. ಮನೆಯಲ್ಲಿ ಬಾವಿ ನೀರು ಇದ್ದವರಿಗೆ ಸೋಪೇ ಸಾಕು.

ಅಂಗಡಿ ಮುಂದಿನ ನಲ್ಲಿಗೆ ನಾನು ಈರುಳ್ಳಿ ಬರುವ ಕೆಂಪು ಬಲೆ ಚೀಲದ ಒಂದು ತುಂಡಿನಲ್ಲಿ ಸೋಪು ಹಾಕಿ ಕಟ್ಟಿದ್ದೆ. ಸೋಪು ಜಾರಿ ಮಣ್ಣಿಗೆ ಬೀಳುವುದಿಲ್ಲ. ಯಾರೂ ಜೇಬಿಗೆ ಇಳಿಸುವುದಿಲ್ಲ. ಬಲೆಯ ಮೇಲಿಂದಲೇ ಉಜ್ಜಿದರೆ ನೊರೆ ಚೆನ್ನಾಗಿ ಬರುತ್ತದೆ, ನೀರು ಸೋರಿ ಹೋಗುವುದರಿಂದ ಸೋಪು ಕರಗಿ ಪಿಚಪಿಚ ಆಗುವುದೂ ಇಲ್ಲ. ಶಾಲೆ, ಸೊಸೈಟಿ, ದೇವಸ್ಥಾನ, ಎಲ್ಲಿ ಬೇಕಾದರೂ ಮಾಡಬಹುದು. ಖರ್ಚು ಒಂದು ಸೋಪಿನದ್ದು.

ಮಾಸ್ಕ್, ಸಾಲು, ಕವಳ

ಅಂಗಡಿ ಮುಂದೆ ದೂರ ದೂರ ನಿಲ್ಲಿ ಅಂತ ರಂಗೋಲಿ ಪುಡಿಯಲ್ಲಿ ಸುತ್ತು ಬರೆದಿದ್ದೆವು. ಜನ ಬುದ್ಧಿವಂತರು. ಒಂದೊಂದು ಸುತ್ತಿನಲ್ಲಿ ಒಂದೊಂದು ಚೀಲ, ಒಂದೊಂದು ಜೊತೆ ಚಪ್ಪಲಿ ಇಟ್ಟು, ತಾವೆಲ್ಲ ಅತ್ತ ಹಲಸಿನ ಮರದ ನೆರಳಲ್ಲಿ ಒಟ್ಟಿಗೆ ನಿಂತು ಹರಟೆ ಹೊಡೆದರು. ಚಪ್ಪಲಿಗಳು ಮಾತ್ರ ಶಿಸ್ತಾಗಿ ದೂರ ದೂರ ಇದ್ದವು. ಆಮೇಲೆ ದಾರಿ ಬದಲಿಸಿದೆ. ಪಟ್ಟಿಯನ್ನು ವಾಟ್ಸ್‌ಆಪಿನಲ್ಲಿ ಕಳಿಸಿ, ಕಟ್ಟಿಟ್ಟ ಮೇಲೆ ಫೋನು ಮಾಡುತ್ತೇನೆ, ಬಂದು ಒಯ್ಯಿರಿ ಅಂದೆ. ಇದು ನಡೆಯಿತು. ಫೋನಿಲ್ಲದವರು ಬೆಳಿಗ್ಗೆ ಚೀಟಿ ಕೊಟ್ಟು ಹೋಗಿ ಮಧ್ಯಾಹ್ನ ಬರುತ್ತಿದ್ದರು. ನಿಮ್ಮ ಊರಿನ ಅಂಗಡಿಯವರಿಗೂ ಇದನ್ನೇ ಹೇಳಿ. ನಿಲ್ಲುವುದೇ ಇಲ್ಲ ಅಂದಮೇಲೆ ಎಷ್ಟು ದೂರ ನಿಲ್ಲಬೇಕು ಅನ್ನುವ ಜಗಳ ಯಾಕೆ?

ಮಾಸ್ಕಿನದ್ದು ಇನ್ನೊಂದು ಕಥೆ. ದಾರಿಯುದ್ದಕ್ಕೂ ಹಾಕಿಕೊಂಡು ಬರುತ್ತಾರೆ. ಗಲ್ಲಾ ಎದುರು ಬಂದು, ಬಾಯಿ ತೆರೆಯುವ ಮೊದಲು ಅದನ್ನು ಗದ್ದಕ್ಕೆ ಇಳಿಸಿ, "ಅರ್ಧ ಕೆಜಿ ಕಡಲೆಬೇಳೆ" ಅನ್ನುತ್ತಾರೆ. ಹೇಳಿಯಾದ ಮೇಲೆ ಮತ್ತೆ ಮೇಲೆ ಏರಿಸುತ್ತಾರೆ. ಉಸಿರು ಹಾರುವುದೇ ಮಾತಾಡುವಾಗ. ಬಟ್ಟೆಯದ್ದಾದರೂ ಸರಿ, ಮೂಗು ಬಾಯಿ ಎರಡೂ ಮುಚ್ಚಿರಬೇಕು, ಮಾತಾಡುವಾಗ ಇಳಿಸಬಾರದು. ಮನೆಗೆ ಹೋದ ಕೂಡಲೇ ಸೋಪಿನಲ್ಲಿ ಒಗೆದು ಬಿಸಿಲಿಗೆ ಹಾಕಬೇಕು.

"ಮೊದಲು ಮಾಸ್ಕ್ ಬೇಡ ಅಂದರು, ಆಮೇಲೆ ಬೇಕು ಅಂದರು, ಇವರಿಗೇ ಏನೂ ಗೊತ್ತಿಲ್ಲ" ಅಂತ ಆಗ ತುಂಬ ಜನ ಸಿಟ್ಟಾದರು. ನಿಜ, ಹಾಗೆ ಆಗಿದ್ದು ಹೌದು. ಏಪ್ರಿಲ್ ಮೊದಲ ವಾರ ನಮ್ಮ ಸರ್ಕಾರ ಮನೆಯಲ್ಲೇ ಹೊಲಿದ ಮಾಸ್ಕ್ ಹಾಕಿ ಅಂದಿತು. ವಿಶ್ವ ಆರೋಗ್ಯ ಸಂಸ್ಥೆ ಎಲ್ಲರಿಗೂ ಬಟ್ಟೆ ಮಾಸ್ಕ್ ಅಂತ ಹೇಳಿದ್ದು ಜೂನ್ ತಿಂಗಳಲ್ಲಿ. ಕಾಯಿಲೆ ಹೊಸದು ಅಂದಮೇಲೆ ತಿಳಿಯುತ್ತಾ ಹೋದ ಹಾಗೆ ಮಾತು ಬದಲಾಗುತ್ತದೆ. ಹಳೆಯ ಮಾತನ್ನೇ ಹಿಡಿದು ಕೂರುವವರಿಗಿಂತ ತಿದ್ದಿಕೊಳ್ಳುವವರನ್ನು ನಾನು ಜಾಸ್ತಿ ನಂಬುತ್ತೇನೆ. ಹಾಗಾಗಿ ಯಾವುದೇ ಸಲಹೆಯಾಗಲಿ, ಯಾವ ತಾರೀಕಿನದ್ದು ಅಂತ ನೋಡಿಕೊಳ್ಳಿ.

ನಮ್ಮ ಕಡೆ ಬಿಡದೆ ಹೇಳಬೇಕಾದ್ದು ಕವಳದ ವಿಷಯ. ಮನೆಗೆ ಯಾರೇ ಬರಲಿ, ಎಲೆ ಅಡಿಕೆ ತಟ್ಟೆ ಮುಂದಿಡುತ್ತೇವೆ. ಸುಣ್ಣದ ಡಬ್ಬಿ ಒಂದೇ, ಬೆರಳು ಹತ್ತು. ಹಾಕಿಕೊಂಡ ಮೇಲೆ ಜಗಲಿಯಿಂದಲೇ ಉಗುಳುವುದು. ಕಾಯಿಲೆ ಓಡಾಡುವಾಗ ಅವರವರ ಸಂಚಿ ಅವರವರಿಗೆ. ಬಂದವರಿಗೆ ಬೇಸರವಾಗುತ್ತದೆ ಅಂದುಕೊಳ್ಳಬೇಡಿ, ಮೊದಲೇ ನಗುತ್ತಾ ಹೇಳಿಬಿಡಿ. ನೋಟು ಎಣಿಸುವಾಗ ಬೆರಳಿಗೆ ಎಂಜಲು ಹಚ್ಚಿಕೊಳ್ಳುವ ಅಭ್ಯಾಸವನ್ನಂತೂ ಕಾಯಿಲೆ ಇರಲಿ ಬಿಡಲಿ, ನಿಲ್ಲಿಸಿ ಪುಣ್ಯ ಕಟ್ಟಿಕೊಳ್ಳಿ.

ಫಾರ್ವರ್ಡ್ ಬಂದಾಗ

ಜನತಾ ಕರ್ಫ್ಯೂ ದಿನ ಬಂದ ಒಂದು ಮೆಸೇಜು ನಿಮಗೂ ಬಂದಿರುತ್ತದೆ. ವೈರಸ್ ಹೊರಗೆ ಹನ್ನೆರಡು ಗಂಟೆ ಬದುಕುತ್ತದೆ, ಕರ್ಫ್ಯೂ ಹದಿನಾಲ್ಕು ಗಂಟೆ, ಅಲ್ಲಿಗೆ ಕೊರೋನಾ ಕಥೆ ಮುಗಿಯಿತು ಅಂತ. ಲೆಕ್ಕ ಎಷ್ಟು ಚೆಂದ ಕೂರುತ್ತದೆ ನೋಡಿ! ಆದರೆ ವೈರಸ್ ಬದುಕುವುದು ಮನುಷ್ಯರ ಮೈಯೊಳಗೆ, ಅಲ್ಲಿ ಅದಕ್ಕೆ ಎಷ್ಟೋ ದಿನ ಜಾಗ ಇದೆ. ಇನ್ನೊಂದು, ರಾತ್ರಿ ಹೆಲಿಕಾಪ್ಟರಿನಿಂದ ಔಷಧ ಸಿಂಪಡಿಸುತ್ತಾರೆ, ಬಟ್ಟೆ ಒಳಗೆ ತನ್ನಿ ಅಂತ. ಅಡಿಕೆಗೆ ಬೋರ್ಡೋ ಔಷಧ ಹೊಡೆಯಲು ಜನ ಸಿಗದ ಊರಿಗೆ ಹೆಲಿಕಾಪ್ಟರ್ ಬರುತ್ತದಂತೆ!

ಮೆಸೇಜು ಬಂದಾಗ ಮುಂದೆ ತಳ್ಳುವ ಮೊದಲು ಹೀಗೆ ನೋಡಿ. ಹೇಳಿದವರು ಯಾರು? "ಒಬ್ಬ ದೊಡ್ಡ ಡಾಕ್ಟರ್" ಅಂತ ಇದ್ದರೆ ಯಾರೂ ಹೇಳಿಲ್ಲ ಅಂತಲೇ ಅರ್ಥ. ತಾರೀಕು ಇದೆಯಾ? ಜಾಗ ಇದೆಯಾ? "ಕೂಡಲೇ ಎಲ್ಲರಿಗೂ ಕಳಿಸಿ" ಅಂತ ಕೊನೆಗೆ ಇದ್ದರೆ ಅಲ್ಲೇ ಅಳಿಸಿ. ಅನುಮಾನ ಇದ್ದರೆ ಆಶಾ ಕಾರ್ಯಕರ್ತೆಯನ್ನು ಕೇಳಿ, ಇಲ್ಲವೇ 104ಕ್ಕೆ ಫೋನು ಮಾಡಿ, ಅದು ರಾಜ್ಯದ ಆರೋಗ್ಯ ಸಹಾಯವಾಣಿ. ಟಿವಿಯನ್ನು ದಿನವಿಡೀ ಹಾಕಿಕೊಂಡು ಕೂರಬೇಡಿ. ಕೊರೋನಾ ಕಾಲದಲ್ಲಿ ಆರೋಗ್ಯ ಇಲಾಖೆ ದಿನಕ್ಕೊಂದು ವರದಿ ಕೊಡುತ್ತಿತ್ತು. ಅಂಥದ್ದನ್ನು ದಿನಕ್ಕೆ ಒಮ್ಮೆ ನೋಡಿದರೆ ಆಯಿತು.

ಮನೆಯ ಹಿರಿಯರು ತಪ್ಪು ಸುದ್ದಿ ಹಾಕಿದರೆ ಕುಟುಂಬದ ಗ್ರೂಪಿನಲ್ಲಿ ಎಲ್ಲರ ಎದುರು ತಿದ್ದಬೇಡಿ. ದೊಡ್ಡಪ್ಪನಿಗೆ ಅವಮಾನವಾದರೆ ನಾಳೆ ಇನ್ನೂ ಎರಡು ಹಾಕುತ್ತಾರೆ. ಫೋನು ಮಾಡಿ, ಊಟ ತಿಂಡಿ ವಿಚಾರಿಸಿ, ಆಮೇಲೆ ಮೆಲ್ಲಗೆ ಹೇಳಿ.

ಕಷಾಯದ ಬಗ್ಗೆ ನನ್ನ ಜೊತೆ ಜಗಳಕ್ಕೆ ಬರುವವರಿದ್ದಾರೆ. ಕಷಾಯ ಬೇಡ ಅಂತ ನಾನು ಹೇಳುವುದಿಲ್ಲ. ಜೀರಿಗೆ ಕೊತ್ತಂಬರಿ ಕಷಾಯ ಕುಡಿಯದೆ ನನಗೆ ಬೆಳಗೇ ಆಗುವುದಿಲ್ಲ. ಗಂಟಲಿಗೆ ಹಿತ, ಕೈಗೂ ಒಂದು ಕೆಲಸ. ಹೆದರಿದಾಗ ಮನುಷ್ಯನಿಗೆ ಏನಾದರೂ ಮಾಡುತ್ತಾ ಇರಬೇಕು ಅನ್ನಿಸುತ್ತದೆ. ತೊಂದರೆ ಎಲ್ಲಿ ಅಂದರೆ, ಕಷಾಯ ಕುಡಿದಿದ್ದೇನೆ, ಇನ್ನು ಮದುವೆಗೆ ಹೋದರೂ ನಡೆಯುತ್ತದೆ ಅನ್ನುವಲ್ಲಿ. ಜೊತೆಗೆ ಒಣಶುಂಠಿ, ಕಾಳುಮೆಣಸು ಮಿತಿ ಮೀರಿ ಹಾಕಿ ಹೊಟ್ಟೆ ಉರಿ ತರಿಸಿಕೊಂಡು, ಆಮೇಲೆ ನನ್ನ ಹತ್ತಿರವೇ ಈನೋ ಕೇಳಿಕೊಂಡು ಬಂದವರು ಕಡಿಮೆ ಇಲ್ಲ.

ಬೆಂಗಳೂರಿನಿಂದ ಮಕ್ಕಳು ಬಂದರೆ

ಎಲ್ಲಕ್ಕಿಂತ ಹೆಚ್ಚು ಮನಸ್ಸು ಒಡೆದದ್ದು ಇಲ್ಲಿ. ಮಾರ್ಚಿನಲ್ಲಿ ಬೆಂಗಳೂರಿನ ಕಂಪನಿಗಳು ಮನೆಯಿಂದಲೇ ಕೆಲಸ ಮಾಡಿ ಅಂದ ಕೂಡಲೇ ಮಕ್ಕಳೆಲ್ಲ ಊರಿಗೆ ಬಂದರು. ಹಿಂದಿನ ದೀಪಾವಳಿಗೆ "ಯಾವಾಗ ಬರ್ತೀಯಪ್ಪಾ" ಅಂತ ಕಾಯುತ್ತಿದ್ದ ಊರು, ಈಗ "ಯಾಕೆ ಬಂದ ಇವನು" ಅಂತ ಕೇಳಿತು. ವಿದೇಶದಿಂದ ಬಂದವರ ಕೈಗೆ ಸೀಲು, ಬಾಗಿಲಿಗೆ ನೋಟೀಸು. ನೋಟೀಸು ಇರುವ ಮನೆಯ ಹಾಲನ್ನು ಡೈರಿಗೆ ತರಬೇಡಿ ಅಂದವರೂ ಇದ್ದರು. ಏಪ್ರಿಲ್ ಹೊತ್ತಿಗೆ ತರಕಾರಿ, ಹಣ್ಣು ಮಾರುವವರ ಹೆಸರು ಕೇಳಿ, ಯಾವ ಜಾತಿ ಧರ್ಮ ಅಂತ ನೋಡಿ ಕೊಳ್ಳುವುದು ಶುರುವಾಯಿತು. ವರ್ಷಗಟ್ಟಲೆ ಅದೇ ಗಾಡಿಯಲ್ಲಿ ಕಲ್ಲಂಗಡಿ ಕೊಂಡವರು ಮುಖ ತಿರುಗಿಸಿಕೊಂಡು ಹೋದರು. ವೈರಸ್ಸಿಗೆ ಹೆಸರು ಕೇಳುವ ಅಭ್ಯಾಸ ಇಲ್ಲ.

ಮಕ್ಕಳು ಬರುವವರಿದ್ದರೆ ಗುಟ್ಟು ಮಾಡಬೇಡಿ. ಬರುವ ಮೊದಲೇ ಆಶಾ ಕಾರ್ಯಕರ್ತೆಗೂ ಪಕ್ಕದ ಮನೆಗೂ ನೀವೇ ಹೇಳಿ. ರಾತ್ರಿ ಕದ್ದು ಬಂದರೆ ಬೆಳಿಗ್ಗೆ ಹೇಗೂ ಗೊತ್ತಾಗುತ್ತದೆ, ಆಮೇಲೆ ಯಾರೂ ನಂಬುವುದಿಲ್ಲ. ನಮ್ಮ ಮಲೆನಾಡಿನ ಮನೆಗಳಲ್ಲಿ ಜಾಗಕ್ಕೆ ಬರವಿಲ್ಲ. ಉಪ್ಪರಿಗೆ ಇದೆ, ಜಗಲಿ ಕೋಣೆ ಇದೆ. ಅಜ್ಜ ಅಜ್ಜಿ ಮಲಗುವ ಕಡೆಯಿಂದ ದೂರದ ಕೋಣೆ ಕೊಡಿ, ಕಿಟಕಿ ತೆರೆದಿರಲಿ. ಊಟದ ತಟ್ಟೆ ಬಾಗಿಲ ಹತ್ತಿರ ಇಡಿ, ತಟ್ಟೆ ಅವರೇ ತೊಳೆದುಕೊಳ್ಳಲಿ. ಹೊರಗಿನ ಬಚ್ಚಲು ಇದ್ದರೆ ಅದೇ ಇರಲಿ. ಹಂಡೆಯಲ್ಲಿ ಬಿಸಿನೀರು ಯಾವಾಗಲೂ ಇರುತ್ತದಲ್ಲ, ಬಟ್ಟೆ ಅದರಲ್ಲೇ ನೆನೆಸಿ ಸೋಪು ಹಾಕಲಿ. ಜಗಲಿ ಮೇಲೆ ಅವರು, ಅಂಗಳದಲ್ಲಿ ನೀವು ಕೂತು ಎಷ್ಟು ಬೇಕಾದರೂ ಮಾತಾಡಿ.

ಸೂತಕ, ಮೈಲಿಗೆ ಅಂತ ದೂರ ಇಟ್ಟು ನಮಗೆ ರೂಢಿ ಇದೆ. ಆ ರೂಢಿ ಇಲ್ಲಿ ಒಂದು ರೀತಿ ಅನುಕೂಲವೇ ಆಯಿತು, ಆದರೆ ಅಪಾಯವೂ ಅದರಲ್ಲೇ ಇದೆ. ಹದಿನಾಲ್ಕು ದಿನ ಕಳೆದು ಏನೂ ಆಗದಿದ್ದರೆ ಅಲ್ಲಿಗೆ ಮುಗಿಯಿತು. ಆಮೇಲೂ ಆ ಹುಡುಗ ಅಂಗಡಿಗೆ ಬಂದರೆ ನಾಲ್ಕು ಹೆಜ್ಜೆ ಹಿಂದೆ ಸರಿಯುವುದಿದೆಯಲ್ಲ, ಅದು ಎಚ್ಚರಿಕೆಯಲ್ಲ, ಕೆಟ್ಟತನ. ಮನೆಮನೆ ಸುತ್ತುವ ಆಶಾ ಕಾರ್ಯಕರ್ತೆಗೆ ಕುಡಿಯಲು ನೀರು ಕೊಡದವರನ್ನೂ ನೋಡಿದ್ದೇನೆ. ಅವರು ನಿಮ್ಮ ಮನೆಗಾಗಿಯೇ ಬಿಸಿಲಲ್ಲಿ ಬಂದಿರುತ್ತಾರೆ.

ಊರ ದಾರಿಗೆ ಮುಳ್ಳು, ಮರದ ದಿಮ್ಮಿ ಅಡ್ಡ ಹಾಕುವುದು ಬೇಡವೇ ಬೇಡ. ನಮ್ಮ ಸುತ್ತಲೂ ಎಷ್ಟೋ ಹಳ್ಳಿಗಳಲ್ಲಿ ಹಾಕಿದ್ದರು. ರಾತ್ರಿ ತೋಟದಲ್ಲಿ ಯಾರಿಗೋ ಹಾವು ಕಚ್ಚಿದರೆ 108 ಎಲ್ಲಿಂದ ಬರಬೇಕು? ಊರಿಗೆ ಬಂದವರ ಹೆಸರು, ಬಂದ ದಿನ ಬರೆದಿಡಲು ಪಂಚಾಯ್ತಿಯಲ್ಲಿ ಒಂದು ಪುಸ್ತಕ ಇದ್ದರೆ ಮುಳ್ಳಿಗಿಂತ ಹೆಚ್ಚು ಕೆಲಸ ಮಾಡುತ್ತದೆ.

ಜ್ವರ ಬಂದರೆ

ನಮ್ಮ ಜಿಲ್ಲೆಯಲ್ಲಿ ಬೇಸಿಗೆ ಜ್ವರ ಅಂದರೆ ಮೊದಲು ನೆನಪಾಗುವುದು ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಕಂಡಿದ್ದು. 2018ರ ಕೊನೆಗೆ, 2019ರ ಶುರುವಿಗೆ ಸಾಗರ ತಾಲ್ಲೂಕಿನ ಅರಳಗೋಡು ಸುತ್ತ ಎಷ್ಟು ಜನ ನರಳಿದರು ಅಂತ ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಅದರ ಕಾಲ ಡಿಸೆಂಬರಿನಿಂದ ಮೇ. ಅಂದರೆ ಕೊರೋನಾ ಸುದ್ದಿ ಬಂದಾಗ ಅದೂ ಇಲ್ಲೇ ಓಡಾಡುತ್ತಿತ್ತು. ಅಲ್ಲಿ ತಲೆನೋವು, ಮೈಕೈ ನೋವು, ಕೆಂಪು ಕಣ್ಣು, ಒಮ್ಮೆಲೇ ಏರುವ ಜ್ವರ. ಇಲ್ಲಿ ಜ್ವರ, ಕೆಮ್ಮು, ಕೆಲವರಿಗೆ ವಾಸನೆಯೇ ಹೋಗುವುದು. ಮನೆಯಲ್ಲಿ ಕೂತು ಯಾವುದು ಅಂತ ತೀರ್ಮಾನ ಮಾಡಲು ಹೋಗಬೇಡಿ.

ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಮೊದಲು ಫೋನು ಮಾಡಿ, ಆಮೇಲೆ ಹೋಗಿ. ಡಾಕ್ಟರ ಹತ್ತಿರ ಹದಿನೈದು ದಿನದ ಲೆಕ್ಕ ಹೇಳಿ. ದರಗು, ಅಂದರೆ ಒಣ ಎಲೆ ತರಲು ಕಾಡಿಗೆ ಹೋಗಿದ್ದಿರಾ? ಸತ್ತ ಮಂಗ ಎಲ್ಲಾದರೂ ಕಂಡಿತ್ತಾ? ಮೈಮೇಲೆ ಉಣುಗು ಇತ್ತಾ? ಊರಿಂದ ಹೊರಗೆ ಹೋಗಿದ್ದಿರಾ, ಹೊರಗಿನಿಂದ ಯಾರಾದರೂ ಬಂದಿದ್ದರಾ? ಇದನ್ನು ಮನೆಯಲ್ಲೇ ಒಂದು ಚೀಟಿಯಲ್ಲಿ ಬರೆದುಕೊಂಡು ಹೋದರೆ ಅಲ್ಲಿ ತಡವರಿಸಬೇಕಾಗಿಲ್ಲ. ಪ್ಯಾರಾಸಿಟಮಾಲ್ ಬಿಟ್ಟು ಬೇರೆ ನೋವಿನ ಮಾತ್ರೆ ಸ್ವಂತ ಬುದ್ಧಿಯಿಂದ ನುಂಗಬೇಡಿ. ಡೆಂಗ್ಯೂ, ಮಂಗನ ಕಾಯಿಲೆ ಎರಡರಲ್ಲೂ ರಕ್ತಸ್ರಾವದ ಭಯ ಇರುತ್ತದೆ.

ಆಗ ಎಷ್ಟೋ ಜನ ಜ್ವರ ಮುಚ್ಚಿಟ್ಟರು. ಕಾರಣ ಕಾಯಿಲೆಯಲ್ಲ, ಹೆಸರು ಹೊರಗೆ ಬರುತ್ತದೆ ಅನ್ನುವ ಭಯ. ಇಲಾಖೆಯವರು ಹೆಸರು ಹೇಳದೆ ಪಿ-1, ಪಿ-2 ಅಂತ ನಂಬರ್ ಮಾತ್ರ ಕೊಡುತ್ತಿದ್ದರು. ನಮ್ಮವರು ಆ ನಂಬರ್ ಹಿಡಿದುಕೊಂಡು, ವಯಸ್ಸು ಇಷ್ಟು, ಊರು ಇಂಥದ್ದು, ಹಾಗಾದರೆ ಇವರೇ ಇರಬೇಕು ಅಂತ ಕಟ್ಟೆ ಮೇಲೆ ಪಂದ್ಯ ಕಟ್ಟುತ್ತಿದ್ದರು. ಈ ಆಟ ಆಡಬೇಡಿ. ನಿಮ್ಮ ಮನೆಯಲ್ಲೇ ನಾಳೆ ಯಾರಿಗಾದರೂ ಜ್ವರ ಬಂದರೆ ಬಾಯಿಬಿಡಲು ಅವರು ಹೆದರುವುದು ಇದನ್ನು ಕೇಳಿಸಿಕೊಂಡೇ.

ಎಚ್ಚರಿಕೆ ಬೇಗ ಖಾಲಿಯಾಗುತ್ತದೆ

ಒಂದು ಲೆಕ್ಕ ನೋಡಿ. ನಮ್ಮ ಜಿಲ್ಲೆಯಲ್ಲಿ 2020ರ ಮೇ 10ರವರೆಗೆ ಕೊರೋನಾ ಕೇಸೇ ಇರಲಿಲ್ಲ. ಅವತ್ತು ಹೊರರಾಜ್ಯದಿಂದ ಬಂದ ಎಂಟು ಮಂದಿಗೆ ಇರುವುದು ಗೊತ್ತಾಯಿತು. ಅಂದರೆ ನಾವು ದಾರಿಗೆ ಮುಳ್ಳು ಹಾಕಿ, ಮೆಟ್ಟಿಲಿಗೆ ಅರಿಶಿನ ನೀರು ಚೆಲ್ಲಿ, ನೋಟುಗಳಿಗೆ ಇಸ್ತ್ರಿ ಹಾಕಿ ಸುಸ್ತಾಗುವ ಹೊತ್ತಿಗೆ ಕಾಯಿಲೆ ಇನ್ನೂ ಬಂದೇ ಇರಲಿಲ್ಲ. ನಿಜವಾಗಿ ಬಂದಾಗ ಯಾರಿಗೂ ಕೈಯೂ ಏಳಲಿಲ್ಲ, ಮನಸ್ಸೂ ಇರಲಿಲ್ಲ. ಮಾರ್ಚಿನಲ್ಲಿ ಪೇಪರ್ ಮುಟ್ಟಲು ಹೆದರಿದವರು, ವರ್ಷ ಕಳೆದು ಎರಡನೇ ಅಲೆ ಹತ್ತಿರ ಬಂದಾಗ ಗೃಹಪ್ರವೇಶ, ಉಪನಯನ ಅಂತ ಪಂಕ್ತಿಯಲ್ಲಿ ತೊಡೆಗೆ ತೊಡೆ ತಾಗಿಸಿ ಕೂತು ಊಟ ಮಾಡಿದರು. 2021ರ ಏಪ್ರಿಲ್, ಮೇ ಹೇಗಿತ್ತು ಅಂತ ನೆನಪಿದೆಯಲ್ಲ?

ಹಾಗಾಗಿ ಶುರುವಿನಲ್ಲೇ ಎಲ್ಲವನ್ನೂ ಮಾಡಬೇಡಿ. ವರ್ಷವಿಡೀ ಮಾಡಬಹುದಾದ ನಾಲ್ಕು ಕೆಲಸ ಆರಿಸಿಕೊಳ್ಳಿ, ಅಷ್ಟನ್ನೇ ಮಾಡಿ. ಹೊರಗಿಂದ ಬಂದರೆ ಕೈ ತೊಳೆಯುವುದು. ಗುಂಪಿನಲ್ಲಿ ಮಾಸ್ಕ್. ಜ್ವರ ಇದ್ದರೆ ಮನೆಯಲ್ಲೇ ಇರುವುದು. ವಯಸ್ಸಾದವರನ್ನು ಜಾತ್ರೆ, ಮದುವೆಯಿಂದ ದೂರ ಇಡುವುದು. ನೋಟಿಗೆ ಇಸ್ತ್ರಿ, ಬಾಳೆಹಣ್ಣಿಗೆ ಸೋಪು, ಇವೆಲ್ಲ ಬಿಟ್ಟರೂ ನಡೆಯುತ್ತದೆ.

ಕೊನೆಗೆ, ಸಾಲದ ಪುಸ್ತಕ

ಇದನ್ನು ಅಂಗಡಿಯವಳಾಗಿ ಹೇಳಲೇಬೇಕು. ಅಡಿಕೆ ಮಂಡಿ ಬಂದ್ ಆದಾಗ ತೋಟ ಇದ್ದವರ ಕೈಯಲ್ಲೂ ದುಡ್ಡಿರಲಿಲ್ಲ. ಸೊರಬದ ಕಡೆ ಅನಾನಸ್ ಬೆಳೆದವರು ಕೊಳ್ಳುವವರಿಲ್ಲದೆ ಹೊಲದಲ್ಲೇ ಬಿಟ್ಟರು. ಶುಂಠಿ ಕೆಲಸಕ್ಕೆ ಬಯಲುಸೀಮೆಯಿಂದ ಬಂದವರು ಶೆಡ್ಡುಗಳಲ್ಲೇ ಉಳಿದರು, ಕೂಲಿಯೂ ಇಲ್ಲ, ಬಸ್ಸೂ ಇಲ್ಲ. ಸಾಲ ಕೇಳಲು ನಾಚಿಕೆಯಾಗಿ ಅಂಗಡಿ ಕಡೆ ಬರುವುದನ್ನೇ ಬಿಟ್ಟವರು ಬಹಳ ಜನ. ಹಾಗೆ ಮಾಡಬೇಡಿ. ಬಂದು, "ಅಕ್ಕಾ, ಈ ತಿಂಗಳು ಕಷ್ಟ, ಮಂಡಿ ತೆರೆದ ಮೇಲೆ ಕೊಡುತ್ತೇನೆ" ಅಂತ ನೇರ ಹೇಳಿ. ವರ್ಷಗಟ್ಟಲೆ ನಮ್ಮಲ್ಲೇ ಸಾಮಾನು ಕೊಂಡವರಿಗೆ ಇಲ್ಲ ಅನ್ನುವ ಅಂಗಡಿಯವರು ಕಡಿಮೆ. ಬರೆಸುವಾಗ ಮಾತ್ರ ಇಬ್ಬರ ಪುಸ್ತಕದಲ್ಲೂ ಬರೆಸಿ, ತಾರೀಕು ಹಾಕಿ, ವಾರಕ್ಕೊಮ್ಮೆ ಕೂಡಿಸಿ ನೋಡಿ. ಬಾಯಿ ಲೆಕ್ಕದಿಂದ ಆಮೇಲೆ ಸಂಬಂಧ ಹಾಳಾಗುತ್ತದೆ.

ಅಂಗಡಿ ನಡೆಸುವವರಿಗೂ ಒಂದು ಮಾತು. ಅಕ್ಕಿ, ಬೇಳೆ, ಎಣ್ಣೆ, ಉಪ್ಪು, ಸೋಪು, ಮಕ್ಕಳ ಬಿಸ್ಕತ್ತು ಇಷ್ಟನ್ನು ಸಾಲಕ್ಕೆ ಕೊಡಿ. ಒಂದು ಮನೆಗೆ ಇಷ್ಟೇ ಬೇಳೆ ಅಂತ ಮಿತಿ ಹಾಕಿ, ಬೋರ್ಡಿನಲ್ಲಿ ದೊಡ್ಡದಾಗಿ ಬರೆದು ನೇತುಹಾಕಿ. ಆಗ ಯಾರ ಮುಖ ನೋಡಿಯೂ ಕೊಡಬೇಕಾಗಿಲ್ಲ. ಬೀಡಿ, ಸಿಗರೇಟು, ಕೂಲ್‌ಡ್ರಿಂಕ್ಸ್ ಸಾಲಕ್ಕಿಲ್ಲ ಅಂತ ನಾನು ಕಡ್ಡಿ ತುಂಡು ಮಾಡಿದ ಹಾಗೆ ಹೇಳಿಬಿಟ್ಟೆ. ಅದಕ್ಕೆ ಇವತ್ತಿಗೂ ನನ್ನ ಮೇಲೆ ಸಿಟ್ಟು ಇಟ್ಟುಕೊಂಡವರು ಒಂದಿಬ್ಬರು ಇದ್ದಾರೆ, ಇರಲಿ ಬಿಡಿ.